ಕಮರಿಯ ಗೋಡೆಯ ನಡುವೆ

ಹುಬ್ಬಳ್ಳಿಯಲ್ಲಿ ಸಿವಿಲ್ ಓದಿ, ಮದುವೆಯಾಗಿ ಆಕ್ಲೆಂಡಿಗೆ ಬಂದ ನಾನು ಪೆನ್‌ರೋಸ್‌ನ ಒಂದು ಸಣ್ಣ ಸರ್ವೆ ಕಂಪನಿಗೆ ಸೇರಿದ್ದೆ. ಎರಡು ಸಾವಿರದ ದಶಕದ ನಡುವಿನ ಮಾತು. ಗೋದಾಮುಗಳ ಅಂಗಳ, ಮನೆಗಳ ಗಡಿ, ಹೀಗೆ ಅದುವರೆಗೆ ನಾನು ಅಳೆದದ್ದೆಲ್ಲ ಸಪಾಟು ನೆಲವೇ.

ಆ ಬೇಸಿಗೆಯಲ್ಲಿ ರಂಗಿಪೋ ಮರುಭೂಮಿಯ ಒಂದು ಕಮರಿಯ ನಕ್ಷೆ ಮಾಡುವ ಕೆಲಸ ಬಂತು. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಅದು ಬರೀ ಕಪ್ಪು ನೆರಳಿನ ಗೀರು. ಒಳಗೇನಿದೆಯೆಂದು ತಿಳಿಯಬೇಕಾದರೆ ಯಾರಾದರೂ ಇಳಿಯಲೇಬೇಕು. ಮೊದಲು ಕೈಯೆತ್ತಿದವಳು ನಾನು. ಜಿಮ್ಮಿನ ಗೋಡೆಯ ಮೇಲೆ ಹಗ್ಗ ಹಿಡಿದು ಇಳಿಯುವುದನ್ನು ಕಲಿಸಿದಾಗ ಎಲ್ಲರಿಗಿಂತ ಚೆನ್ನಾಗಿ ಇಳಿದಿದ್ದೆ.

ಜೊತೆಗೆ ಬಂದವಳು ಕಂಪನಿಯ ಹಿರಿಯ ಸರ್ವೇಯರ್, ನನ್ನ ತಾಯಿಯ ವಯಸ್ಸಿನ, ಆ ದೇಶದಲ್ಲೇ ಹುಟ್ಟಿ ಬೆಳೆದ ಕೀವಿ ಹೆಂಗಸು. ಮರುಭೂಮಿ ಎಂದರೆ ಬಿಸಿಲು ಎಂದುಕೊಂಡಿದ್ದ ನನಗೆ ಅಲ್ಲಿ ಸಿಕ್ಕಿದ್ದು ಎಲುಬು ಕೊರೆಯುವ ಗಾಳಿ, ಜ್ವಾಲಾಮುಖಿಯ ಬೂದುಮರಳು, ಹಿಂದೆ ಹಿಮ ಹೊತ್ತ ಬೆಟ್ಟ. ಅವಳು ಮೊದಲು ಇಳಿದಳು. ನಾನು ಹಿಂಬಾಲಿಸಿದೆ. ಅರ್ಧದಲ್ಲಿ ಬೂಟಿನ ಕೆಳಗಿನ ಗೋಡೆ ಪುಡಿಪುಡಿಯಾಗಿ ಉದುರಿತು. ಹಗ್ಗ ನನ್ನನ್ನು ಹಿಡಿದಿತ್ತು, ಬೀಳುವ ಭಯವಿರಲಿಲ್ಲ. ಆದರೂ ಕೈಯ ಬಿಗಿಹಿಡಿತ ಸಡಿಲಾಗಲಿಲ್ಲ. ತೊಡೆಯ ಮೇಲೆ ಬಿಸಿ ಇಳಿದಾಗಲೇ ಏನಾಯಿತೆಂದು ತಿಳಿಯಿತು.

ಅವಳು ಹತ್ತಿ ನನ್ನ ಪಕ್ಕಕ್ಕೆ ಬಂದಳು. ನೋಡಿದಳು. ಕೂಡಲೇ ಮುಖವನ್ನು ಬೆಟ್ಟದ ಕಡೆ ತಿರುಗಿಸಿದಳು.

"ಕೆಳಗೆ ನೋಡಬೇಡ. ನನ್ನ ಕೈ ನೋಡು. ಮೇಲೆ ಹೋಗೋಣ."

ಮಗುವನ್ನು ಮೆಟ್ಟಿಲು ಹತ್ತಿಸುವಂತೆ ನನ್ನನ್ನು ಹತ್ತಿಸಿದಳು. ಮೇಲೆ ಬಂದ ಮೇಲೆ ತನ್ನ ಮಳೆಕೋಟನ್ನು ನನ್ನ ಸೊಂಟಕ್ಕೆ ಕಟ್ಟಿ, ಟೆಂಟಿನ ದಾರಿ ತೋರಿಸಿದಳು. ನಾನು ಬಟ್ಟೆ ಬದಲಿಸಿ ಬಂದಾಗ ಅವಳು ಆ ವಿಷಯ ಎತ್ತಲೇ ಇಲ್ಲ. ಅವಳು ಬೈದಿದ್ದರೆ ಇಷ್ಟು ಸುಡುತ್ತಿರಲಿಲ್ಲವೇನೋ. ಉಳಿದ ದಿನಗಳೆಲ್ಲ ಅವಳೊಬ್ಬಳೇ ಇಳಿದಳು. ನಾನು ಅಂಚಿನಲ್ಲಿ ಅಳತೆಯ ಉಪಕರಣದ ಮುಂದೆ ಕೂತು, ಕೆಳಗೆ ಅವಳು ಹಿಡಿದ ಕನ್ನಡಿಗೆ ಗುರಿಯಿಟ್ಟು ದೂರ, ಎತ್ತರ ಬರೆದುಕೊಂಡೆ.

ಆಕ್ಲೆಂಡಿಗೆ ಮರಳಿದ ವಾರ ಸ್ಯಾಂಡ್ರಿಂಗಮ್‌ನ ದಿನಸಿ ಅಂಗಡಿಯಲ್ಲಿ ಪರಿಚಯದವರೊಬ್ಬರು ಸಿಕ್ಕರು. ನನ್ನ ಗಂಡ ಜೋಳದ ಹಿಟ್ಟಿನ ಚೀಲ ಹೆಗಲಿಗೇರಿಸಿಕೊಂಡೇ ಶುರುಮಾಡಿದ:

"ನಮ್ಮಾಕಿ ಹಗ್ಗಾ ಹಿಡದು ಕಮರಿ ಒಳಗ ಇಳದು ಬಂದಾಳ್ರೀ ಅಂಕಲ್! ಅಲ್ಲಿ ಯಾರೂ ಇಳದಿದ್ದಿಲ್ಲಂತ!"

"ಭಲೇ! ಅಂಜಿಕಿ ಬರಲಿಲ್ಲೇನವ್ವಾ?"

"ನಾ ಇಳದಿಲ್ರೀ," ಎಂದೆ. "ಅರ್ಧಕ್ಕ ಅಂಜಿ ನಿಂತೆ. ಜೋಡಿ ಇದ್ದಾಕಿ ಕೈ ಹಿಡದು ಮ್ಯಾಲ ಕರ್ಕೊಂಡು ಬಂದ್ಲು."

ಅಂಕಲ್ ನಕ್ಕು, "ಇರ್ಲಿ ಬಿಡವ್ವಾ," ಎಂದು ಬೇಳೆಯ ಕಡೆ ಹೋದರು. ಗಂಡ ಚೀಲವನ್ನು ಕಾರಿನಲ್ಲಿಟ್ಟು ನನ್ನ ಕಡೆ ತಿರುಗಿದ.

"ನನಗರ ಮೊದಲ ಹೇಳಬೇಕಿಲ್ಲೋ?"

ಒದ್ದೆಯಾದದ್ದನ್ನು ಅವನಿಗೆ ಆಗಲೂ ಹೇಳಲಾಗಲಿಲ್ಲ.

ನಕ್ಷೆ ಅಚ್ಚಾಗಿ ಬಂದಾಗ ಮೂಲೆಯಲ್ಲಿ ಹಿರಿಯ ಸರ್ವೇಯರ್ ಮತ್ತು ನನ್ನ, ಇಬ್ಬರ ಹೆಸರೂ ಇತ್ತು. ನನ್ನದನ್ನು ತೆಗೆಯಿರಿ ಎಂದು ಅವಳ ಮೇಜಿನ ಮುಂದೆ ಹೋಗಿ ನಿಂತೆ.

"ಯಾಕೆ? ಮೇಲಿನಿಂದ ನೀನು ಅಳೆಯದಿದ್ದರೆ ನಾನು ಕೆಳಗೆ ನಿಂತ ಜಾಗ ಎಲ್ಲಿದೆ ಅಂತ ಯಾರಿಗೆ ಗೊತ್ತಾಗುತ್ತಿತ್ತು?" ಎಂದಳು. ಅದು ಸಮಾಧಾನದ ಮಾತಲ್ಲ, ಲೆಕ್ಕದ ಸತ್ಯ. ಆದರೂ ಗೋಡೆಗೆ ತೂಗುಹಾಕಿದ ಆ ನಕ್ಷೆಯ ಮುಂದೆ ಹಾಯುವಾಗಲೆಲ್ಲ ನನ್ನ ಕತ್ತು ತಾನಾಗಿಯೇ ಬಗ್ಗುತ್ತಿತ್ತು.

ಮರುವರ್ಷ ಪಕ್ಕದ ಕಮರಿಯ ಕೆಲಸ ಬಂತು. ತಂಡದವರೆಲ್ಲ ಚಹಾ ಕುಡಿಯುತ್ತಿದ್ದಾಗ, "ನಾನು ಬರ್ತೀನಿ, ಆದರೆ ಇಳಿಯೋದಿಲ್ಲ. ನನಗೆ ಭಯ," ಎಂದೆ. ಕಿವಿ ಕಾದ ಹಂಚಿನಂತಾಯಿತು. ಯಾರೂ ನಗಲಿಲ್ಲ. ಒಬ್ಬ ಬಿಸ್ಕತ್ತು ಅದ್ದುತ್ತಾ, "ಹಾಗಾದರೆ ಕೆಳಗಿನವರ ಜೊತೆ ಮಾತಾಡೋ ರೇಡಿಯೋ ನಿನ್ನ ಹತ್ತಿರ ಇರಲಿ," ಎಂದ. ನಾಚಿಕೆ ಕಡಿಮೆಯಾಗಲಿಲ್ಲ. ಎದ್ದು ಹೋಗಿ ರೇಡಿಯೋದ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದೆ.