ಟೀ ಕೊಟ್ಟವರೂ ಫೋಟೋಗೆ ಬರಬೇಕು

ವಳ್ಳೂರಿನಲ್ಲಿ ಬೆಳಗಿನ ಆರು ಗಂಟೆ. ಪಾವಗಡ ತಾಲ್ಲೂಕಿನ ಈ ಊರಿನ ಸುತ್ತ ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು. ಸೂರ್ಯನಿಗೆ ಕೂರಲು ಇಷ್ಟು ದೊಡ್ಡ ಚಾಪೆಯನ್ನು ಭೂಮಂಡಲದಲ್ಲಿ ಇನ್ನೆಲ್ಲೂ ಹಾಸಿಲ್ಲ ಎಂದು ನಾನು ಹೇಳಿದರೆ ನೀವು ನಂಬಬೇಕು. ಭೂಮಂಡಲವನ್ನು ನಾನು ಶಿರಾದಿಂದ ಕೊರಟಗೆರೆಯವರೆಗೂ ನೋಡಿದ್ದೇನೆ.

ಊರಂಚಿನ ಹೊಸ ಮನೆಯ ಅಂಗಳದಲ್ಲಿ ಶಿವರಂಜನಿ ಕ್ಯಾಮೆರಾ ಸ್ಟ್ಯಾಂಡಿನ ಕುಂಟು ಕಾಲಿನ ಕೆಳಗೆ ಚಪ್ಪಟೆ ಕಲ್ಲು ಇಡುತ್ತಿದ್ದಾರೆ. ಬ್ಯಾಗಿನೊಳಗಿಂದ ಒಂದು ಬಿಳಿ ಪಂಚೆ, ಒಂದು ಗಿಲಕಿ, ಅರ್ಧ ತಿಂದ ಬಿಸ್ಕತ್ತು ಹೊರಬರುತ್ತವೆ. ಪಂಚೆ ಬಿಸಿಲನ್ನು ಮುಖಗಳ ಮೇಲೆ ಮೆತ್ತಗೆ ತಿರುಗಿಸುವುದಕ್ಕೆ. ಗಿಲಕಿ ಕೂಸುಗಳ ಕಣ್ಣನ್ನು ಕ್ಯಾಮೆರಾದತ್ತ ಎಳೆಯುವುದಕ್ಕೆ. ಬಿಸ್ಕತ್ತು ಯಾತಕ್ಕೆ ಎಂದರೆ, "ಅದು ನನ್ ಮಗಂದು ಸಾ. ಯಾವಾಗ ತುರುಕಿದ್ನೋ ಏನೋ."

ಮನೆಯ ಯಜಮಾನ ಜಯರಾಮಯ್ಯ ಗರಿಗರಿ ಪಂಚೆಯುಟ್ಟು ನಡುವಿನ ಕುರ್ಚಿಯಲ್ಲಿ ಕೂತಿದ್ದಾರೆ. ಮೊನ್ನೆಯಷ್ಟೇ ಗೃಹಪ್ರವೇಶ ಆಗಿದೆ. ಹಾಲಿನ ಗೋಡೆಗೆ ಇಡೀ ಸಂಸಾರದ ದೊಡ್ಡ ಫೋಟೋ ಆಗಬೇಕು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಸಾಲಾಗಿ ನಿಂತಿದ್ದಾರೆ. ಇಷ್ಟು ಪೌಡರು ಒಟ್ಟಿಗೆ ಕಂಡ ಅಂಗಳ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಬಿಸಿಲು ಹಲಗೆಗಳ ಮೇಲಿಂದ ಜಾರಿ ಅಂಗಳಕ್ಕೆ ಇಳಿಯುತ್ತಿದೆ. ಗುಂಡಿ ಒತ್ತುವುದೊಂದೇ ಬಾಕಿ.

ಶಿವರಂಜನಿ ಕ್ಯಾಮೆರಾದಿಂದ ಕಣ್ಣು ತೆಗೆದು ಸಾಲನ್ನೊಮ್ಮೆ ನೋಡುತ್ತಾರೆ.

"ನಂಗೆ ಟೀ ಕೊಟ್ರಲ್ಲ, ಅವ್ರೆಲ್ಲಿ?"

ವಳ್ಳೂರಿನ ಕೋಳಿಗಳೂ ಕೂಗು ನಿಲ್ಲಿಸಿದವು ಎಂದು ಬರೆದರೆ ಅದು ಅಪ್ಪಟ ಸತ್ಯಕ್ಕೆ ತೀರಾ ಹತ್ತಿರ.

ಈ ಪ್ರಶ್ನೆ ಇವರ ವೃತ್ತಿಯ ಏಕೈಕ ಷರತ್ತು. ಯಾವ ಮನೆಗೆ ಹೋದರೂ ಮೊದಲು ಯಾರೋ ಒಬ್ಬರು ಟೀ ತಂದು ಕೊಡುತ್ತಾರೆ. ಫೋಟೋಗೆ ಎಲ್ಲರೂ ನಿಂತ ಮೇಲೆ ನೋಡಿದರೆ ಟೀ ಕೊಟ್ಟ ಕೈ ಮಾತ್ರ ಸಾಲಿನಲ್ಲಿ ಇರುವುದಿಲ್ಲ. ಆ ಕೈ ಬರುವ ತನಕ ಶಿವರಂಜನಿ ಗುಂಡಿ ಒತ್ತುವುದಿಲ್ಲ. ಶಿರಾದಲ್ಲಿ ಒಂದು ಮನೆಗೆ ಟೀ ಹೋಟೆಲಿನಿಂದ ಬಂತಂತೆ, ಈಯಮ್ಮ ಹೋಟೆಲಿನ ಮಾಲೀಕನನ್ನೇ ಕರೆಸಿ ಮದುಮಗನ ಪಕ್ಕ ನಿಲ್ಲಿಸಿದರಂತೆ ಎಂದು ಜನ ಹೇಳುತ್ತಾರೆ. ಅದು ಶುದ್ಧ ಸುಳ್ಳು. ಹಬ್ಬಿಸಿದವನು ನಾನೇ ಆದ್ದರಿಂದ ಖಚಿತವಾಗಿ ಹೇಳಬಲ್ಲೆ.

ಷರತ್ತು ಹುಟ್ಟಿದ್ದು ಇವರ ಮನೆಯ ಗೋಡೆಯ ಮೇಲೆಯೇ. ಮಧುಗಿರಿಯಲ್ಲಿ ಹುಟ್ಟಿ ಪಾವಗಡಕ್ಕೆ ಸೊಸೆಯಾಗಿ ಬಂದ ಶಿವರಂಜನಿಗೆ ಇಬ್ಬರು ಮಕ್ಕಳು. ಏಳು ವರ್ಷದ ಅನುಷಾ, ಮೂರು ವರ್ಷದ ಪ್ರಸನ್ನ. ಅನುಷಾಳ ಮೊದಲ ಹುಟ್ಟುಹಬ್ಬಕ್ಕೆ ಫೋಟೋದವರು ಬಂದಿದ್ದರು. ಅತ್ತೆ, ಮಾವ, ಗಂಡ, ನಾದಿನಿಯರು, ಪಕ್ಕದ ಮನೆಯವರು, ಅವರ ಮನೆಗೆ ಬಂದಿದ್ದ ನೆಂಟರು, ಎಲ್ಲರೂ ಆ ಫೋಟೋದಲ್ಲಿ ಇದ್ದಾರೆ. ಹೆತ್ತ ತಾಯಿ ಮಾತ್ರ ಇಲ್ಲ. ಆಕೆ ಆಗ ಫೋಟೋದವರಿಗೆ ಬೋಂಡ ಕರಿಯುತ್ತಿದ್ದರು. ಫೋಟೋ ಗೋಡೆಗೇರಿತು. ಮೂರು ವರ್ಷ ಒಬ್ಬರೂ ಗಮನಿಸಲಿಲ್ಲ, ಸ್ವತಃ ಶಿವರಂಜನಿಯೂ.

"ಒಂದಿನ ಅನುಷಾ ಅದನ್ನ ನೋಡ್ತಾ ನಿಂತಿದ್ಲು. ಅಮ್ಮ, ಆವಾಗ ನೀನಿನ್ನೂ ಹುಟ್ಟಿರ್ಲಿಲ್ವಾ ಅಂದ್ಲು. ಎಲ್ರೂ ನಕ್ಕರು ಸಾ. ನಾನೂ ನಕ್ಕೆ. ಆಮ್ಯಾಕೆ ಅಡಿಗೆ ಮನೆಗೆ ಹೋಗಿ ನಿಂತ್ಕಂಡೆ. ಸಿಟ್ಟು ಬಂದ್ಬುಡ್ತು. ಅಳು ಅಲ್ಲ, ಸಿಟ್ಟು."

ಆ ಸಿಟ್ಟು ತಣಿಯಲಿಲ್ಲ. ಗಂಡ ಪರಮೇಶ್ ಪಾವಗಡದಿಂದ ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಅದೇ ಬಸ್ಸು ಹತ್ತಿ, ಹಾಲು ಕುಡಿಯುವ ಪ್ರಸನ್ನನನ್ನು ಸೊಂಟದ ಮೇಲೆ ಹೊತ್ತು, ಕೊರಟಗೆರೆಯ ಹಳೇ ಸ್ಟುಡಿಯೋದ ರೇಣುಕಯ್ಯನವರ ಮುಂದೆ ಹೋಗಿ ನಿಂತರು. ಫೋಟೋ ತೆಗೆಯುವುದನ್ನು ಕಲಿಸಿ ಎಂದರು.

ರೇಣುಕಯ್ಯನವರು ಕನ್ನಡಕದ ಮೇಲಿಂದ ನೋಡಿದರಂತೆ. "ಈ ಕೆಲಸಕ್ಕೆ ಎರಡು ಕೈ ಬೇಕು ಕಣಮ್ಮ. ನಿಂದು ಒಂದ್ರಾಗೆ ಕೂಸೈತೆ."

"ಅಂಗಾದ್ರೆ ಇನ್ನೊಂದು ಕೈಗೆ ಕಲಿಸಿ ಸಾ."

ಕಲಿಸಿದರು. ಇನ್ನೇನು ಮಾಡಿಯಾರು? ಕೊರಟಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಈ ಮಾತನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ವಾರಕ್ಕೆ ಎರಡು ಸಲ ಬಸ್ಸು, ಸ್ಟುಡಿಯೋದಲ್ಲಿ ಒಂದು ಗಂಟೆ, ಮತ್ತೆ ಬಸ್ಸು. ಅಲ್ಲಿ ಪಾಠ, ಬರುವ ದಾರಿಯಲ್ಲಿ ರೇಣುಕಯ್ಯನವರ ಹಳೇ ಕ್ಯಾಮೆರಾ ಹಿಡಿದು ಪರೀಕ್ಷೆ. ಮೂರು ಜನದ ಸೀಟಿನಲ್ಲಿ ಐದು ಜನ, ಅವರ ತೊಡೆಯ ಮೇಲೆ ಇನ್ನೆರಡು ಕೂಸು, ಕಾಲಡಿ ಒಂದು ಹುಂಜ. ಅಂಥ ಸಂಸಾರವನ್ನು ಕುಲುಕುವ ಬಸ್ಸಿನಲ್ಲಿ ಒಂದೇ ಚೌಕಟ್ಟಿಗೆ ಹಿಡಿದವರಿಗೆ ನಿಂತ ನೆಲದ ಮೇಲೆ ನಿಂತ ಜನ ಯಾವ ಲೆಕ್ಕ? ಆ ಬಸ್ಸಿನಲ್ಲಿ ಓಡಾಡುವ ಅರ್ಧ ತಾಲ್ಲೂಕು ಇವರ ಕ್ಯಾಮೆರಾದಲ್ಲಿ ಬಿದ್ದಿದೆ. ಉಳಿದರ್ಧ ಆ ದಿನ ನಿದ್ದೆ ಮಾಡುತ್ತಿತ್ತು.

ಉಳಿದದ್ದನ್ನು ಕಲಿತದ್ದು ಒಲೆಯ ಮುಂದೆ. ಮುದ್ದೆ ತೊಳಸುವಾಗ ಡಬ್ಬಗಳಿಗೆ ಮೊಬೈಲ್ ಒರಗಿಸಿ, ಅತ್ತೆಯ ಧಾರಾವಾಹಿಗೆ ಅಡ್ಡಿಯಾಗದಂತೆ ಸಣ್ಣ ದನಿಯಲ್ಲಿ ವಿಡಿಯೋ ಕೇಳುತ್ತಿದ್ದರು. ಮಸೂರದ ತೂತು, ಬೆಳಕಿನ ಅಳತೆ ಎಂದು ವಿಡಿಯೋದವರು ಗಂಟೆಗಟ್ಟಲೆ ಒದ್ದಾಡುವುದನ್ನು ಶಿವರಂಜನಿ ಒಂದು ಉಸಿರಿನಲ್ಲಿ ಮುಗಿಸುತ್ತಾರೆ. "ರವೆ ಜರಡಿ, ಹಿಟ್ಟಿನ ಜರಡಿ ಅಷ್ಟೇಯ. ಕಣ್ಣು ದೊಡ್ಡದಿದ್ರೆ ಜಾಸ್ತಿ ಬೀಳ್ತೈತೆ, ಸಣ್ಣದಿದ್ರೆ ಕಮ್ಮಿ. ಇನ್ನು ಕೂಸು ನಗೋ ಗಳಿಗೆ ಹಿಡಿಯೋದು. ಸಾಸಿವೆ ಸಿಡಿಯೋದನ್ನ ದಿನಾ ಕಾಯೋಳಿಗೆ ಅದೊಂದು ಕಷ್ಟವಾ?"

ಹಾಗಂತ ತಪ್ಪೇ ಮಾಡದೆ ಕಲಿತರು ಎಂದು ನಾನು ಬರೆದರೆ ಅವರೇ ಕೋಪಿಸಿಕೊಂಡಾರು. ಮನೆಯವರ ಜೊತೆ ತಾನೂ ನಿಲ್ಲಬೇಕೆಂದು ತಾನಾಗಿ ಫೋಟೋ ಬೀಳುವ ಗುಂಡಿ ಒತ್ತಿ ಓಡಿದ್ದೇ ಓಡಿದ್ದು. ಹಾಲು ಉಕ್ಕಿತು ಎಂದು ಒಮ್ಮೆ ಒಲೆಯತ್ತ, ಮಗ ಮೆಟ್ಟಿಲು ಹತ್ತಿದ ಎಂದು ಒಮ್ಮೆ ಅವನ ಹಿಂದೆ. ಆ ಎಲ್ಲ ಫೋಟೋಗಳಲ್ಲಿ ಮನೆಯವರ ನಗುಮುಖಗಳಿವೆ, ಶಿವರಂಜನಿಯ ಬೆನ್ನಿದೆ. ಕೊನೆಗೆ ಆ ಆಸೆ ಬಿಟ್ಟರು. ಬೇರೆಯವರ ಮನೆಯ ಫೋಟೋಗಳಿಗೆ ಇಳಿದರು.

ನಸುಕಿನಲ್ಲೇ ಫೋಟೋ ತೆಗೆಯುವುದು ಇವರ ಪದ್ಧತಿ. ಆ ಹೊತ್ತಿನ ಬೆಳಕಿನ ಬಗ್ಗೆ ಒಂದು ಮಾತು ಕೇಳೋಣ ಎಂದು ನಾನು ಪೆನ್ನು ತೆರೆದು ಕೂತೆ. ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಬಿದ್ದು ಊರಿಗೆ ವಾಪಸ್ಸಾಗುವ ಬಿಸಿಲನ್ನು ನೋಡಿ ಬೆಳೆದವರು, ಏನಾದರೂ ದೊಡ್ಡದು ಹೇಳಿಯಾರು ಎಂದುಕೊಂಡಿದ್ದೆ.

"ಎಲ್ರೂ ಬೆಳಕಿನ ಗುಟ್ಟು ಅಂದ್ಕಂಡವ್ರೆ. ಸ್ಕೂಲ್ ವ್ಯಾನಿನ ಗುಟ್ಟು ಸಾ ಅದು. ಎಂಟೂವರೆಗೆ ಬರ್ತೈತೆ. ಅಷ್ಟ್ರಾಗೆ ನಾನು ಮನೆಗಿರ್ಬೇಕು."

ಅಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳುವವರು ಅತ್ತೆ ಕಮಲಾಕ್ಷಮ್ಮ. ಆರ್ಡರ್ ಹಿಡಿಯುವವರೂ ಅವರೇ, ಏಕೆಂದರೆ ಮನೆ ಮುಂದೆ ತೂಗುಹಾಕಿದ ಫೋಟೋ ಬೋರ್ಡಿನಲ್ಲಿ ಬರೆಸಿರುವುದು ಅವರ ನಂಬರು. ಹಾಗಾಗಿ ದೂರುಗಳೂ ನೇರ ಅವರ ಕಿವಿಗೇ ಬೀಳುತ್ತವೆ. ತವರಿಗೆ ಹೋದಾಗ ಶಿರಾ ಕಡೆಯ ಎರಡು ಮನೆಗಳಲ್ಲಿ ಶಿವರಂಜನಿ ಟೀ ಕುಡಿದು, ಟೀ ಕೊಟ್ಟ ಸೊಸೆಯನ್ನು ಕಳಿಸಲಿಲ್ಲವೆಂದು ಕ್ಯಾಮೆರಾ ಮಡಚಿಕೊಂಡು ಬಂದರು. ಎರಡೂ ಕಡೆಯಿಂದ ಫೋನು ಬಂತು. "ನಿನ್ನ ಸೊಸೆ ಫೋಟೋ ತೆಗಿಯಾಕ್ ಬಂದಿದ್ಲೋ ನ್ಯಾಯ ಮಾಡಾಕ್ ಬಂದಿದ್ಲೋ?" ಕಮಲಾಕ್ಷಮ್ಮ ಅಂದೇ ಹೇಳಿಬಿಟ್ಟರು: ಇನ್ನೊಂದು ದೂರು ಬರಲಿ, ಕ್ಯಾಮೆರಾ ಅಟ್ಟಕ್ಕೆ. ಕಮಲಾಕ್ಷಮ್ಮ ಅಂದದ್ದನ್ನು ಮಾಡಿ ತೋರಿಸುವವರು. ಅವರ ದನಿಗೆ ನಿಡುಗಲ್ಲಿನ ಕೋಟೆ ಒಂದು ಅಡಿ ಹಿಂದೆ ಸರಿದಿದೆ.

ಇದಿಷ್ಟೂ ಗೊತ್ತಿದ್ದೇ ಶಿವರಂಜನಿ ಈಗ ವಳ್ಳೂರಿನ ಅಂಗಳದಲ್ಲಿ ಕೇಳಿದ್ದಾರೆ, ಟೀ ಕೊಟ್ಟವರು ಎಲ್ಲಿ ಎಂದು.

"ಅದು ನಮ್ಮಕ್ಕ, ಕೊಲ್ಲಾಪುರಮ್ಮ," ಎಂದು ಜಯರಾಮಯ್ಯ ಕುರ್ಚಿಯಲ್ಲೇ ಮಿಸುಕುತ್ತಾರೆ. "ಒಳಗವ್ಳೆ. ನೀನು ತೆಗಿಯಮ್ಮ."

"ಬರ್ಲಿ ಯಜಮಾನ್ರೆ, ಕಾಯ್ತೀನಿ."

"ಗಂಡ ಇಲ್ದೋಳು ಕಣಮ್ಮ. ಗೃಹಪ್ರವೇಶದ ಫೋಟೋ ಇದು. ಶುಭದ್ದು."

ಬಾಗಿಲ ಸಂದಿಯಿಂದ ಕೊಲ್ಲಾಪುರಮ್ಮನೇ ಇಣುಕುತ್ತಾರೆ. ಕೈಯಲ್ಲಿ ಇನ್ನೂ ಲೋಟಗಳ ತಟ್ಟೆ. "ನಾಕೆಂದುಕಮ್ಮ ಫೋಟೋ? ನಂಗ್ಯಾಕೆ? ನೀನು ತೆಕ್ಕೊಂಡೋಗು ತಾಯಿ, ಹೊತ್ತಾಯ್ತದೆ."

ಶಿವರಂಜನಿ ವಾದಿಸುವುದಿಲ್ಲ. ಕ್ಯಾಮೆರಾಕ್ಕೆ ಮುಚ್ಚಳ ಹಾಕಿ, ಜಗುಲಿಯ ಮೇಲೆ ಕೂತು, ತಣ್ಣಗಾದ ಟೀಯನ್ನು ಗುಟುಕರಿಸುತ್ತಾರೆ. ಬಿಸಿಲು ಮೊಮ್ಮಕ್ಕಳ ಮೊಣಕಾಲಿನಿಂದ ಎದೆಗೆ ಏರುತ್ತದೆ. ಪೌಡರು ಬೆವರಿನಲ್ಲಿ ಕರಗಿ ಕಾಲುವೆ ಹರಿಯುತ್ತದೆ. ಹಿರಿಮಗ ಗೊಣಗುತ್ತಾನೆ, "ಏನಪ್ಪ ಇದು, ಆಯಮ್ಮ ಕುಂತೇ ಬುಡ್ತು." ಕೊನೆಗೆ ಜಯರಾಮಯ್ಯ ಫೋನ್ ತೆಗೆಯುತ್ತಾರೆ. ಆರ್ಡರ್ ಕೊಟ್ಟ ನಂಬರಿಗೇ ಹಚ್ಚುತ್ತಾರೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕುತ್ತಾರೆ.

ಶಿವರಂಜನಿಯ ಕೈಯಲ್ಲಿ ಲೋಟ ನಿಂತುಬಿಡುತ್ತದೆ. ಅಟ್ಟದ ಏಣಿ ಅವರ ಕಣ್ಣ ಮುಂದೆ ಬಂದಿರಬೇಕು. ಆದರೂ ಎದ್ದು ಹೋಗಿ ಕ್ಯಾಮೆರಾದ ಮುಚ್ಚಳ ತೆಗೆಯುವುದಿಲ್ಲ. ನಾನು ಕಣ್ಣಾರೆ ನೋಡುತ್ತಿದ್ದೆ.

"ಅಮ್ಮೋರೆ, ನಿಮ್ಮ ಸೊಸೆ ಇಲ್ಲಿ ಟೀ ಕೊಟ್ಟೋರು ಬರ್ಲಿ ಅಂತ ಹಟ ಹಿಡ್ಕೊಂಡು ಕುಂತವ್ರೆ. ಅದು ನಮ್ಮಕ್ಕ, ಗಂಡ ಇಲ್ಲ. ಶುಭಕಾರ್ಯದ ಫೋಟೋಗೆ ಹೆಂಗೆ ನಿಲ್ಸಾದು, ನೀವೇ ಹೇಳಿ."

ಆ ಕಡೆಯಿಂದ ಮೊದಲು ಪ್ರಸನ್ನನ ಅಳು ಕೇಳುತ್ತದೆ. ಆಮೇಲೆ ಅವನನ್ನು ಸಮಾಧಾನ ಮಾಡುವ ಕಮಲಾಕ್ಷಮ್ಮನ ದನಿ.

"ಜಯರಾಮಯ್ಯನೋರೆ, ನನ್ ಗಂಡಾನೂ ಇಲ್ಲ," ಎನ್ನುತ್ತದೆ ಫೋನು. "ಗೃಹಪ್ರವೇಶದ ಆರ್ಡರು ನೀವು ಕೊಟ್ಟಿದ್ದು ಯಾರ ಕೈಗೆ? ನಂಗೇ ತಾನೆ? ಆರ್ಡರ್ ತಗಳ್ಳಾಕೆ ನಾನಾಗ್ತೀನಿ, ನಿಲ್ಲಾಕೆ ನಿಮ್ಮಕ್ಕ ಆಗಲ್ವಾ?"

ಜಯರಾಮಯ್ಯ ಬಾಯಿ ತೆರೆಯುತ್ತಾರೆ. ಫೋನು ಬಿಡುವುದಿಲ್ಲ.

"ಬೇಗ ಕರೀರಿ ಆಯಮ್ಮನ್ನ. ಎಂಟೂವರೆಗೆ ವ್ಯಾನ್ ಬರ್ತೈತೆ. ಇವಳ ಮಗಳಿಗೆ ನಾನು ಹಾಕೋ ಜಡೆ ಆಗಲ್ವಂತೆ."

ಸೋಲಾರ್ ಹಲಗೆಗಳು ಆ ಕ್ಷಣಕ್ಕೆ ಕರೆಂಟು ಮಾಡುವುದನ್ನೇ ಮರೆತವು. ಜಯರಾಮಯ್ಯ ಫೋನನ್ನು ಜೇಬಿಗೆ ಇಳಿಸಿ, ಯಾರನ್ನೂ ನೋಡದೆ ಕೂಗುತ್ತಾರೆ, "ಬಾರಕ್ಕ. ಬಿಸಿಲು ಏರ್ತೈತೆ."

ಕೊಲ್ಲಾಪುರಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ಸಾಲಿನ ತುದಿಯಲ್ಲಿ, ಕಂಬಕ್ಕೆ ಅಂಟಿಕೊಂಡು ನಿಲ್ಲುತ್ತಾರೆ. ಶಿವರಂಜನಿ ಕ್ಯಾಮೆರಾದಲ್ಲಿ ಒಂದು ಕಣ್ಣಿಟ್ಟು ತಲೆ ಅಲ್ಲಾಡಿಸುತ್ತಾರೆ. "ಅಂಚಿಗೆ ನಿಂತ್ರೆ ಮುಖ ಎಳ್ದಂಗೆ ಅಗಲ ಬರ್ತೈತೆ ದೊಡ್ಡಮ್ಮ. ಮಧ್ಯಕ್ಕೆ ಬನ್ನಿ, ಯಜಮಾನ್ರ ಪಕ್ಕ ಕೂತ್ಕಳಿ. ಇದು ಲೆನ್ಸಿನ ರೂಲು, ನಂದಲ್ಲ."

ಲೆನ್ಸಿಗೆ ಅಂಥ ಗುಣ ಇರುವುದು ನಿಜ. ಅಂಚಿಗೆ ಇನ್ನೂ ನಾಲ್ಕು ಜನ ನಿಂತಿದ್ದರು, ಅವರ ಮುಖಕ್ಕೆ ಈ ರೂಲು ಅನ್ವಯಿಸಲಿಲ್ಲ ಎಂಬುದೂ ನಿಜ. ಕಿರಿಮಗ ಒಳಗಿಂದ ಇನ್ನೊಂದು ಕುರ್ಚಿ ತಂದು ಹಾಕುತ್ತಾನೆ. ಕೊಲ್ಲಾಪುರಮ್ಮ ಕೂರುತ್ತಾರೆ. ಕೈ ಎಲ್ಲಿಡಬೇಕೋ ತಿಳಿಯದೆ ತಮ್ಮನ ಮೊಣಕಾಲಿನ ಮೇಲೆ ಇಡುತ್ತಾರೆ. ಜಯರಾಮಯ್ಯ ಆ ಕೈಯನ್ನು ಸರಿಸುವುದಿಲ್ಲ. ಗಿಲಕಿ ಅಲ್ಲಾಡುತ್ತದೆ, ಗುಂಡಿ ಒತ್ತಿದ ಸದ್ದಾಗುತ್ತದೆ.

ಎಂಟಕ್ಕೆಲ್ಲ ನಾವು ಪಾವಗಡದ ಮನೆಯಲ್ಲಿದ್ದೇವೆ. ಶಿವರಂಜನಿಯ ಸ್ಕೂಟರ್ ಗಾಳಿಗಿಂತ ಮುಂದೆ ಬಂತು, ಹಿಂದೆ ಕೂತಿದ್ದ ನನ್ನ ಜೀವ ಸ್ವಲ್ಪ ತಡವಾಗಿ ಬಂದು ಸೇರಿತು. ಅನುಷಾಳ ಜಡೆ ಬಿಚ್ಚಿ, ಮತ್ತೆ ಹೆಣೆದು, ವ್ಯಾನು ಹತ್ತಿಸಿ ಬಂದ ಮೇಲೆ ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ವಳ್ಳೂರಿನ ಮಾತನ್ನು ಇಬ್ಬರೂ ಎತ್ತುವುದಿಲ್ಲ. ನನಗೆ ಬಾಯಿ ಮುಚ್ಚಿ ಕೂರುವ ಅಭ್ಯಾಸವಿಲ್ಲ.

"ಅಮ್ಮ, ಮೂರನೇ ದೂರು ಬಂತಲ್ಲ. ಕ್ಯಾಮೆರಾ ಅಟ್ಟಕ್ಕೆ ಹಾಕಲ್ವಾ?"

"ಅಟ್ಟದ ತುಂಬ ಹಳೇ ಪಾತ್ರೆ ಐತೆ. ಜಾಗ ಎಲ್ಲೈತೆ," ಎಂದು ಕಮಲಾಕ್ಷಮ್ಮ ಅಡಿಗೆ ಮನೆಗೆ ನಡೆಯುತ್ತಾರೆ.

ಗೋಡೆಯ ಮೇಲೆ ಆ ಹುಟ್ಟುಹಬ್ಬದ ಫೋಟೋ ಇನ್ನೂ ಇದೆ. ನಡುವೆ ಕಮಲಾಕ್ಷಮ್ಮ, ಪಕ್ಕದಲ್ಲಿ ಅವರ ಯಜಮಾನರು. ಮರುವರ್ಷ ಯಜಮಾನರು ತೀರಿಕೊಂಡರು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಎಷ್ಟೋ ಫೋಟೋ ತೆಗೆದದ್ದಾಗಿದೆ, ಕಮಲಾಕ್ಷಮ್ಮ ಒಂದರಲ್ಲೂ ಇಲ್ಲ. ಕರೆದಾಗಲೆಲ್ಲ ಮಗು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದರಂತೆ.

ಈ ಲೇಖನಕ್ಕೆ ಒಂದು ಚಿತ್ರ ಬೇಕಲ್ಲ. ಕ್ಯಾಮೆರಾ ಕೊಡಿ, ಬಾಗಿಲಲ್ಲಿ ನಿಲ್ಲಿ, ನಾನೇ ತೆಗೆಯುತ್ತೇನೆ ಎನ್ನುತ್ತೇನೆ. ಶಿವರಂಜನಿ ನಿಲ್ಲುತ್ತಾರೆ. ಅಷ್ಟರಲ್ಲಿ ಕಮಲಾಕ್ಷಮ್ಮ ನನ್ನ ಮುಂದೆ ಲೋಟ ಇಟ್ಟು ತಿರುಗುತ್ತಾರೆ.

"ಅತ್ತೆ, ಟೀ ಕೊಟ್ಟೋರು ನೀವೇ ಅಲ್ವಾ?"

"ಸುಮ್ಕಿರೇ. ಸೀರೆ ಬೇರೆ ಮಸಿ ಆಗೈತೆ."

"ಕಾಯ್ತೀನಿ."

ಆ ಒಂದು ಮಾತಿಗೆ ಕಮಲಾಕ್ಷಮ್ಮ ಸೋಲುತ್ತಾರೆ. ಸೀರೆ ಬದಲಾಯಿಸುವುದಿಲ್ಲ, ಬಂದು ಸೊಸೆಯ ಪಕ್ಕ ನಿಲ್ಲುತ್ತಾರೆ, ಮೊಮ್ಮಗನನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ಈ ಪುಟದ ಚಿತ್ರ ಅದೇ. ಅಂಥದೊಂದು ಚಿತ್ರವನ್ನು ಈ ಪತ್ರಿಕೆ ಇದುವರೆಗೂ ಅಚ್ಚು ಹಾಕಿಲ್ಲ ಎಂಬುದು ಅದನ್ನು ತೆಗೆದ ನನ್ನ ಅಭಿಪ್ರಾಯ.

ಶಿವರಂಜನಿ ಕ್ಯಾಮೆರಾ ಇಸಿದುಕೊಂಡು ಹಿಂದಿನ ಸಣ್ಣ ಪರದೆಯಲ್ಲಿ ನೋಡುತ್ತಾರೆ. ಅತ್ತೆಯೂ ಕತ್ತು ಚಾಚುತ್ತಾರೆ.

"ಅಲುಗೈತೆ ಸಾ," ಎನ್ನುತ್ತಾರೆ ಶಿವರಂಜನಿ. "ಇರ್ಲಿ ಬುಡಿ. ಇಬ್ರೂ ಇದೀವಿ."