ಪರದೆಗೆ ಬಾರದ ದನಿ

ಬೆಳಿಗ್ಗೆ ಹತ್ತು ಗಂಟೆ ಐವತ್ತು ನಿಮಿಷ. ಗಂಗಾವತಿಯಲ್ಲಿ ನನ್ನ ತಮ್ಮ ತನ್ನ ಹೊಸ ಬಟ್ಟೆ ಅಂಗಡಿಯ ಶಟರನ್ನು ಒಳಗಿನಿಂದ ಎಳೆದು ಇಳಿಸಿದ್ದು ಆ ಹೊತ್ತಿಗೆ. ಎರಡು ವರ್ಷವಾಯಿತು. ಮೊನ್ನೆ ಕೊಪ್ಪಳದ ಕಿರಾಣಿ ಅಂಗಡಿಯಲ್ಲಿ ಯಾರೋ ಜ್ಯೇಷ್ಠಮಧುವಿನ ಕಡ್ಡಿ ಕಟ್ಟಿಸಿಕೊಳ್ಳುತ್ತಿದ್ದರು. ಆ ಒಣಬೇರಿನ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಿವಿಯಲ್ಲಿ ಮತ್ತೆ ಶಟರಿನ ಸದ್ದು... ಅದರ ಹಿಂದೆಯೇ ನಾಟಕದ ಮಾಮಾ.

ಕುಷ್ಟಗಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಸಂಬಂಧಿಕರೇನಲ್ಲ. ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನಮಗೆ ಮಾಮಾ ಆದರು. ಹದಿನಾರರ ವಯಸ್ಸಿನಲ್ಲಿ ಯಲಬುರ್ಗಾದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯ ಹಿಂದೆ ಹೋದವರು. ಮೊದಲು ಹೆಣ್ಣುಪಾತ್ರ, ಆಮೇಲೆ ರಾಜ, ಆಮೇಲೆ ಸಿನಿಮಾ. ಮೊದಲ ಚಿತ್ರದಲ್ಲಿ ಪರದೆಗೆ ಬಂದ ಎರಡನೇ ನಿಮಿಷಕ್ಕೇ ನಾಯಕನ ಒದೆ ತಿಂದು ಸತ್ತರು. ಆದರೆ ಆ ಕಣ್ಣುಗಳನ್ನು ಜನ ಮರೆಯಲಿಲ್ಲ. ಮುಂದೆ ಇಪ್ಪತ್ತೈದು ವರ್ಷ ಖಳನಾಯಕ. ಅವರ ಹೆಸರು ಹೇಳಿ ತಾಯಂದಿರು ಮಕ್ಕಳಿಗೆ ಉಣ್ಣಿಸುತ್ತಿದ್ದರು. ತಲೆ ನರೆತ ಮೇಲೆ ಧಾರಾವಾಹಿಯೊಂದರ ಸಿಡುಕು ಅಜ್ಜನಾಗಿ ಮನೆಮನೆಗೆ ಬಂದರು.

ಇಷ್ಟೆಲ್ಲದರಲ್ಲಿ ಅವರ ಧ್ವನಿ ಮಾತ್ರ ಒಮ್ಮೆಯೂ ಪರದೆಗೆ ಬರಲಿಲ್ಲ. ನಮ್ಮ ಕಡೆಯ ಮಾತು ನಗಿಸಲು ಸರಿ, ಹೆದರಿಸಲು ಆಗದು ಎಂದಿದ್ದರಂತೆ ನಿರ್ದೇಶಕರು. ಪ್ರತಿ ಸಲವೂ ಒಬ್ಬನೇ ಕಂಠದಾನ ಕಲಾವಿದ ಇವರ ತುಟಿಗೆ ಮಾತು ಕೂಡಿಸುತ್ತಿದ್ದ.

"ಮಾರಿ ನಂದು, ದನಿ ಅವಂದು. ಪಿಚ್ಚರ್‌ನಾಗ ಇಷ್ಟ ಮಂದೀನ ಕೊಂದೇನಲ್ಲ, ಅರ್ಧಾ ಪಾಪ ಅವನ ಪಾಲಿಗೆ ನೋಡವಾ," ಎಂದು ನಗುತ್ತಿದ್ದರು. ನಗುವಾಗಲೂ ಬಾಯಿಯ ಮೂಲೆಯಲ್ಲಿ, ಕಂಪನಿಯ ಹಾಡುಗಾರರು ಗಂಟಲಿಗೆಂದು ಅಗಿಯುವ ಜ್ಯೇಷ್ಠಮಧುವಿನ ಕಡ್ಡಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕೂಗಬಾರದು, ಹಾಡಲೇಬಾರದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಹಾಡು ಬಿಟ್ಟರು. ಹಾಡುಗಾರನ ಕಡ್ಡಿ ಬಿಡಲಿಲ್ಲ.

ತಮ್ಮನ ಅಂಗಡಿಯ ಉದ್ಘಾಟನೆಗೆ ಅವರನ್ನು ಕರೆದವಳು ನಾನು. ಇದನ್ನು ನಾನೇ ಹೇಳಬೇಕು. "ಬರ್ತೀನಿ. ಡೈಲಾಗ್ ಹೇಳು ಅನ್ನಬಾರದು, ಅಷ್ಟ," ಎಂದಿದ್ದರು.

ಮುಹೂರ್ತ ಹನ್ನೊಂದೂ ಹತ್ತಕ್ಕೆ. ಅದಕ್ಕೆ ಮೊದಲು ಹೊರಗಿನವರಾರೂ ಹೊಸ್ತಿಲು ದಾಟಕೂಡದು ಎಂದು ಜೋಯಿಸರು ಹೇಳಿದ್ದರು. ರಸ್ತೆಯಲ್ಲಿ ಜನ ಸೇರುವುದನ್ನು ಕಂಡು ತಮ್ಮ ಶಟರ್ ಇಳಿಸಿದ. ಹೊರಗೆ, ಐದು ಮೆಟ್ಟಿಲುಗಳ ಮೇಲೆ, ಶಟರಿಗೆ ಬೆನ್ನು ಕೊಟ್ಟು ಆರತಿ ತಟ್ಟೆ ಹಿಡಿದ ಹೆಂಗಸರು. ಅವರ ನಡುವೆ ಅವ್ವ.

ಮಾಮಾ ಕಾರಿನಿಂದಿಳಿದು ಮೆಟ್ಟಿಲ ಪಕ್ಕದ ಕಟ್ಟೆ ಹತ್ತಿದರು. ಜನ ನುಗ್ಗಿದರು. ಮೊಬೈಲುಗಳು ಮೇಲೆದ್ದವು. ಮುಂದೆ ದಾರಿ ಮುಚ್ಚಿದೆ ಎಂಬುದು ಹಿಂದಿನವರಿಗೆ ಕಾಣಲಿಲ್ಲ. ಒಳಗಿನಿಂದ ತಮ್ಮ ಶಟರ್ ಎತ್ತಲು ಹೆಣಗುತ್ತಿದ್ದ. ಮೈಗಳ ಒತ್ತಡಕ್ಕೆ ಅದು ಬಾಗಿ ಹಳಿಯಲ್ಲಿ ಸಿಕ್ಕಿಕೊಂಡಿತ್ತು. ಜನರ ನಡುವೆ ಸಿಕ್ಕಿಬಿದ್ದಿದ್ದ ನನಗೂ ಅವ್ವನಿಗೂ ಎರಡು ಮೊಳ ದೂರ. ಅವಳ ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ನನ್ನ ಕೈಗಳು ಪಕ್ಕಕ್ಕೆ ಅಂಟಿಕೊಂಡಿದ್ದವು... ಆ ಎರಡು ಮೊಳವನ್ನು ನಾನು ಎಷ್ಟು ಸಲ ದಾಟಿದ್ದೇನೋ, ಆಮೇಲೆ, ಹಾಸಿಗೆಯಲ್ಲಿ.

"ಹಿಂದಕ್ಕ ಸರೀರ್ರೋ! ಹೆಣ್ಮಕ್ಕಳು ಸಾಯಾಕತ್ತಾರ!" ಮಾಮಾ ಕೂಗಿದರು.

ಜನ ಶಿಳ್ಳೆ ಹೊಡೆದರು. "ಏ ಅಜ್ಜಾ, ಇದಲ್ಲ! ಪಿಚ್ಚರ್‌ನಾಗಿನ ದನೀಲೆ ಹೇಳ್ರಿ!"

"ಗಂಟ್ಲಾ ಕೆಟ್ಟೈತೇನ್ರೀ?" ಎಂದು ಇನ್ನೊಬ್ಬ ನಗಾಡಿದ.

ಮಾಮಾ ಬಾಯಲ್ಲಿದ್ದ ಕಡ್ಡಿಯನ್ನು ಉಗುಳಿದರು. ಬಲಗೈ ಕಿವಿಗಿಟ್ಟು, ಕಣ್ಣು ಮುಚ್ಚಿ, ಮಂಗಳದ ಹಾಡು ಎತ್ತಿದರು.

ಕಂಪನಿ ನಾಟಕದಲ್ಲಿ ಮಂಗಳ ಹಾಡಿದರೆ ಆಟ ಮುಗಿದಂತೆ. ಜನ ಎದ್ದು ಕೈಮುಗಿದು ಮನೆಯ ದಾರಿ ಹಿಡಿಯುತ್ತಾರೆ. ಡೇರೆಯಲ್ಲಿ ಗದ್ದಲವೆದ್ದರೆ ನಡುವೆಯೇ ಮಂಗಳ ಹಾಡಿ ಜನರನ್ನು ಕಳಿಸುತ್ತಿದ್ದೆವು ಎಂದು ಮಾಮಾ ಒಮ್ಮೆ ಹೇಳಿದ್ದರು. ನಾನದನ್ನು ಹಳೆಯ ಕಾಲದ ತಮಾಷೆ ಎಂದುಕೊಂಡಿದ್ದೆ.

ಮೊದಲು ಒಬ್ಬ ಮುದುಕ ಟೋಪಿ ತೆಗೆದು ಕೈಮುಗಿದ. ಆಮೇಲೆ ಅವನ ಸುತ್ತಲಿನವರು. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಕೈಮುಗಿದವರು ದೂಡಲಿಲ್ಲ. ಹಿಂದಿನಿಂದ ಯಾರೋ, "ಮುಗೀತಂತ, ನಡೀರಿ," ಎಂದದ್ದು ಕೇಳಿಸಿತು. ಎದೆಯ ಮೇಲಿನ ಭಾರ ಸಡಿಲವಾಯಿತು. ನಾನು ಅವ್ವನನ್ನು ಮುಟ್ಟಿದೆ. ಪಕ್ಕೆಲುಬು ಎರಡು ಮುರಿದಿದ್ದವು, ಉಸಿರು ಇತ್ತು. ಎಲ್ಲ ಹೆಂಗಸರೂ ಉಳಿದರು. ಹಾಡಿನ ಮೂರನೆಯ ನುಡಿಯಲ್ಲಿ ಮಾಮಾನ ಗಂಟಲು ಒಡೆಯಿತು. ಆದರೂ ರಸ್ತೆ ತೆರವಾಗುವವರೆಗೆ ನಿಲ್ಲಿಸಲಿಲ್ಲ.

ಮರುದಿನ ಆಸ್ಪತ್ರೆಗೆ ಬಂದಾಗ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಪುಸ್ತಕ ಕಸಿದುಕೊಂಡು ಅದರ ಅಂಚಿನಲ್ಲಿ ಬರೆದು ಅವ್ವನಿಗೆ ತೋರಿಸಿದರು: "ಈ ಸಲ ದನಿನೂ ನಂದ ಇತ್ತು ತಂಗಿ. ಪುಣ್ಯಾ ಪೂರಾ ನಂದ." ಅವ್ವ ನಕ್ಕು, ಪಕ್ಕೆ ಹಿಡಿದುಕೊಂಡು, ಅವರನ್ನು ಬೈದಳು.

ಆ ದನಿ ಮತ್ತೆ ಬರಲಿಲ್ಲ. ಎಂಟು ತಿಂಗಳಿಗೆ ಮಾಮಾ ಹೋದರು. ಹಾಡಿದ್ದರಿಂದಲೇ ಎಂದು ವೈದ್ಯರು ಹೇಳಲಿಲ್ಲ... ಅಲ್ಲವೆಂದೂ ಹೇಳಲಿಲ್ಲ. ಟಿವಿಯವರು ದಿನವಿಡೀ ಅವರ ಅಬ್ಬರದ ದೃಶ್ಯಗಳನ್ನು ತೋರಿಸಿ, ಎಂಥ ಕಂಠ ಎಂದು ಕೊಂಡಾಡಿದರು.

ಮೊನ್ನೆ ನಾನೂ ಒಂದು ಕಡ್ಡಿ ಕಟ್ಟಿಸಿಕೊಂಡು ಬಂದೆ. ಸಂಜೆ ಟಿವಿಯಲ್ಲಿ ಮಾಮಾನ ಹಳೆಯ ಚಿತ್ರ ಬರುತ್ತಿತ್ತು. ಅವ್ವ ದೀಪ ಹಚ್ಚಿ ಬಂದಳು. ಅಂಗಡಿಯ ಆ ದಿನದಿಂದ ಅವಳು ಆರತಿಗೆ ಮಂಗಳ ಹಾಡಿರಲಿಲ್ಲ, ಸುಮ್ಮನೆ ಕೈಮುಗಿಯುತ್ತಿದ್ದಳು. ನನ್ನ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದಳು. ರಿಮೋಟ್ ತೆಗೆದುಕೊಂಡು ಟಿವಿಯ ಸದ್ದು ನಿಲ್ಲಿಸಿದಳು.

"ನಮ್ಮಣ್ಣಂದಲ್ಲ ಈ ದನಿ," ಎಂದು, ನಿಂತಲ್ಲೇ ಮಂಗಳ ಎತ್ತಿದಳು. ಪರದೆಯ ಮೇಲೆ ಮಾಮಾನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.

ಎರಡು ವರ್ಷದಲ್ಲಿ ಮೊದಲ ಸಲ, ಆ ರಾತ್ರಿ ನಾನು ಶಟರಿನ ಸದ್ದಿಗೆ ಏಳಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು.