ಭೂಮಿತಾಯಿಯ ಪಾಲಿನ ಹೋಳಿಗೆ

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುತ್ತೇವೆ. ಉಣ್ಣುವ ಮೊದಲು ಮಾಡಿದ ಅಡುಗೆಯಲ್ಲಿ ಒಂದು ಪಾಲನ್ನು ಬುಟ್ಟಿಗೆ ಹಾಕಿಕೊಂಡು ಬೆಳೆಯ ನಡುವೆ ಚೆಲ್ಲುತ್ತ ಬರಬೇಕು. ಅದು ಚರಗ, ಭೂಮಿತಾಯಿಯ ಊಟ. ಹೋದ ಸಲ ಆ ಊಟವನ್ನು ತಿಂದವನು ನಾನು.

ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ಬಿಡಿಸಿದ ದಿನವೇ ನನ್ನ ಹೆಂಡತಿ, ನನ್ನ ಸಕ್ಕರೆ ಇಳಿಯುವ ತನಕ ತಾನೂ ಸಿಹಿತಿಂಡಿ ಮುಟ್ಟುವುದಿಲ್ಲವೆಂದು ಎಲ್ಲಮ್ಮನಿಗೆ ಹರಕೆ ಹೊತ್ತಳು. ಶೇಂಗಾ ಹೋಳಿಗೆ ಎಂದರೆ ಜೀವ ಬಿಡುವ ಹೆಂಗಸು. ಆದರೂ ಹಬ್ಬಕ್ಕೆ ರಾಶಿ ಹೋಳಿಗೆ ಮಾಡಿದಳು, ನಾಲಿಗೆಗೆ ಒಂದು ಚೂರೂ ತಾಗಿಸಿಕೊಳ್ಳದೆ. ನನಗೆ ಬೇರೆ ಡಬ್ಬಿಯಲ್ಲಿ ನವಣೆ ಉಪ್ಪಿಟ್ಟು ಕಟ್ಟಿ, ಚೀಲದಲ್ಲಿಟ್ಟು ಹೆಗಲಿಗೆ ಹಾಕಿದಳು.

ಚರಗದ ಬುಟ್ಟಿ ನಾನು ಹೊತ್ತೆ. ಹಿಂದೆ ನೀರಿನ ತಂಬಿಗೆ ಹಿಡಿದು ನಮ್ಮಣ್ಣ. ಅವನಿಗೂ ಇದೇ ಕಾಯಿಲೆ. ಚೆಲ್ಲುವವನು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ನೀರು ಚಿಮುಕಿಸುವವನು "ಚಲ್ಲಂಬ್ರಿಗೋ" ಎನ್ನಬೇಕು. ಜೋಳ ಆಳೆತ್ತರ ನಿಂತಿತ್ತು. ನಡುಹೊಲಕ್ಕೆ ಬಂದಾಗ ನನ್ನ ಕೈ ಬುಟ್ಟಿಯಿಂದ ನೆಲಕ್ಕೆ ಹೋಗದೆ ಬಾಯಿಗೆ ಹೋಯಿತು. ಕೂಗು ನಿಂತಿತು.

"ಲೇ ತಮ್ಮಾ, ಏನ್ ಮಾಡಾಕತ್ತೀಲೇ? ಪಾಪ ಹತ್ತತೈತಿ!"

ನಾನು ಒಂದು ಹೋಳಿಗೆ ಅವನ ಕೈಗಿಟ್ಟೆ. ಅವನು ಸುತ್ತ ನೋಡಿದ. "ಮತ್ತ ಭೂಮಿತಾಯಿಗೆ?"

"ಉಪ್ಪಿಟ್ಟು ಐತಲ್ಲ. ಆಕಿಗೂ ವಯಸ್ಸಾಗೇತಿ, ಒಳ್ಳೇದು."

"ಅದೂ ಖರೇನ," ಎಂದು ಅವನು ಬಾಯಿ ತೆರೆದ.

ಕೂಗು ನಿಂತರೆ ಬದುವಿನ ಮೇಲಿದ್ದ ಹೆಂಗಸರಿಗೆ ಸಂಶಯ ಬರುತ್ತದೆ. ಹಾಗಾಗಿ ಒಬ್ಬ ತಿನ್ನುವಾಗ ಇನ್ನೊಬ್ಬ ಇಬ್ಬರ ಪಾಲನ್ನೂ ಕೂಗುವುದೆಂದು ಮಾಡಿಕೊಂಡೆವು. ಅಣ್ಣ ಒಮ್ಮೆ ದಪ್ಪ ದನಿಯಲ್ಲಿ, ಒಮ್ಮೆ ಸಣ್ಣ ದನಿಯಲ್ಲಿ ತಾನೇ ಕೂಗಿ ತಾನೇ ಓಗೊಟ್ಟ. ನಾನು ಸಾಲಿನುದ್ದಕ್ಕೂ ಭಕ್ತಿಯಿಂದ ಉಪ್ಪಿಟ್ಟು ಚೆಲ್ಲಿದೆ.

ಊಟಕ್ಕೆಂದು ಬನ್ನಿ ಗಿಡದ ಕೆಳಗೆ ಬಂದಾಗ ಹೆಂಡತಿ ಖಾಲಿ ಡಬ್ಬಿ ನೋಡಿ ಹಿಗ್ಗಿದಳು. "ನೋಡ್ರಿ, ಹಬ್ಬದ ದಿನಾನೂ ಪಥ್ಯ ಬಿಟ್ಟಿಲ್ಲ ನಮ್ಮವರು!" ಎಂದು ಹಬ್ಬಕ್ಕೆ ಬಂದಿದ್ದ ಬೀಗರ ಮುಂದೆ ಡಬ್ಬಿ ಎತ್ತಿ ತೋರಿಸಿದಳು. ಬೀಗತಿ ಅವಳ ತಾಟಿಗೆ ಹೋಳಿಗೆ ಹಾಕಲು ಬಂದರೆ ಕೈ ಅಡ್ಡ ಹಿಡಿದು, "ಬ್ಯಾಡ್ರೀ ಅಕ್ಕಾರ, ಹರಕಿ ಐತಿ," ಎಂದು ಒಣ ರೊಟ್ಟಿ ಮುರಿದಳು. ನಾನು ಆ ತಾಟಿನ ಕಡೆ ನೋಡದೆ ಅಣ್ಣನನ್ನು ನೋಡಿದೆ. ಅವನು ಗಾಡಿಯ ಎತ್ತನ್ನು ನೋಡುತ್ತಿದ್ದ.

ಮುಂದಿನ ವಾರ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಏರಿತ್ತು. ಏರದೆ ಇರುತ್ತದೆಯೇ? ಮನೆಯಲ್ಲಿ ಹೋಳಿಗೆಯ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ, ನನ್ನ ಕೈಯೂ ಸುಮ್ಮನಿರಲಿಲ್ಲ. ಹೆಂಡತಿ ಮಾತ್ರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. "ನನ್ನ ಹರಕಿ ಅಮ್ಮಗ ಸಾಲಿಲ್ಲರೀ," ಎಂದು ಚಹಾಕ್ಕೆ ಹಾಕಿಕೊಳ್ಳುವ ಬೆಲ್ಲವನ್ನೂ ಬಿಟ್ಟಳು. ಆ ಸಪ್ಪೆ ಚಹಾವನ್ನು ಅವಳು ಕಣ್ಣು ಮುಚ್ಚಿ ಕುಡಿಯುವುದನ್ನು ಕಂಡ ಮೇಲೆ ನನಗೆ ತಡೆಯಲಾಗಲಿಲ್ಲ. ಅವಳು ನನಗಾಗಿ ಹಾಗಲಕಾಯಿ ಹೆಚ್ಚುತ್ತ ಕುಳಿತಿದ್ದಾಗ ಎದುರು ಕುಳಿತು ಎಲ್ಲ ಹೇಳಿಬಿಟ್ಟೆ.

ಬೈಯಲಿಲ್ಲ. ಎದ್ದು ಹೋಗಿ ಹೋಳಿಗೆ ಡಬ್ಬಿ ತಂದು, ನನ್ನ ಮುಖ ನೋಡುತ್ತ ಒಂದನ್ನು ಪೂರ್ತಿ ತಿಂದಳು.

"ಹರಕೆ?" ಎಂದೆ.

"ಹರಕಿ ನಿಮ್ಮ ಸಕ್ಕರಿಗೆ ಇತ್ರಿ, ನಿಮ್ಮ ಕಳ್ಳತನಕ್ಕಲ್ಲ."

ಎರಡನೆಯದು ಬಾಯಲ್ಲಿಟ್ಟು ಹುಬ್ಬು ಗಂಟಿಕ್ಕಿದಳು. "ಬೆಲ್ಲ ಕಡಿಮಿ ಬಿದ್ದೈತಿ. ಇಷ್ಟ್ ಮಂದಿ ತಿಂದ್ರಿ, ಕದ್ದೂ ತಿಂದ್ರಿ, ಒಬ್ಬರರೆ ಹೇಳಬಾರದ?"

ಅವಳು ಹಾಗಲಕಾಯಿಯನ್ನೂ ಚಾಕುವನ್ನೂ ನನ್ನ ಕಡೆ ಸರಿಸಿ ಮತ್ತೊಂದಕ್ಕೆ ಕೈ ಹಾಕಿದಳು.